ಮಾವನಿಗೆ ಸುರಂಗ ಬೇಕು

ಬೀದರಿನಲ್ಲಿ ಮನೆ ಮಾಡಿದವರಿಗೆ ಭಾನುವಾರ ಅನ್ನೋದು ರಜೆ ಅಲ್ಲ, ಡ್ಯೂಟಿ. 2017ರಲ್ಲಿ ಕಲಬುರಗಿಯಿಂದ ರೈಲು ಶುರುವಾದ ಮೇಲಂತೂ ನೆಂಟರಿಗೆ ಕೋಟೆ ನೋಡುವ ಹುಚ್ಚು ಜಾಸ್ತಿಯಾಗಿದೆ. ಬರಲಿ, ಬೇಡ ಅನ್ನಲ್ಲ. ನೋಡೋಕೆ ಇಲ್ಲಿ ಬೇಕಾದಷ್ಟಿದೆ. ಆದರೆ ಮೊನ್ನೆ ಬಂದ ನನ್ನ ಹೆಂಡತಿಯ ಸೋದರಮಾವನಿಗೆ ಅದ್ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಸುರಂಗ.

ಇಂಥವರು ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರ್ತಾರೆ. ಹಳೇ ಗೋಡೆ ಕಂಡರೆ ಸಾಕು, ಅದರ ಕೆಳಗೊಂದು ಸುರಂಗ. ಅದರ ಆ ತುದಿ ಯಾವಾಗಲೂ ಗೋಲ್ಕೊಂಡಾ. ಒಳಗೆ ಬಂಗಾರ. ಇಳಿದವರು ಒಬ್ಬರೂ ವಾಪಸ್ ಬಂದಿಲ್ಲ. ಹಾಗಾದರೆ ಬಂಗಾರದ ಸುದ್ದಿ ಹೇಳಿದವರು ಯಾರು ಅಂತ ಕೇಳಬಾರದು.

ಕೋಟೆಯೊಳಗೆ ರಂಗೀನ್ ಮಹಲ್‌ಗೆ ಕೀಲಿ ಹಾಕಿತ್ತು. ಹೇಳಿ ಕೇಳಿ ತೆಗೆಸಿದೆ. ಕರೀ ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿ ಬಳ್ಳಿ ಬಿಡಿಸಿದ್ದಾರೆ, ಓರೆಯಾಗಿ ನಿಂತು ನೋಡಿದರೆ ಒಂದೊಂದು ಎಲೆಯೂ ಮಿಣುಕುತ್ತೆ. ಮಾವ ಅದಕ್ಕೆ ಬೆನ್ನು ಹಾಕಿ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದರು.

"ಕೇಳ್ರಿ ಅಳಿಯಂದ್ರ, ಟೊಳ್ಳು ಸಪ್ಪಳ ಬರ್ಲಿಕತ್ತದ."

ಕೇಳಿದೆ. ಬರುತ್ತಿದ್ದದ್ದು ಚಪ್ಪಲಿ ಸಪ್ಪಳ.

"ಒಳಗ ಏನೂ ಇಲ್ಲಂದ್ರ ಕೀಲಿ ಯಾಕ ಹಾಕ್ತಾರ್ರೀ?"

ಊರಿನ ಅಭಿಮಾನಕ್ಕಾದರೂ ಕಿವಿ ಕೊಡಲಿ ಅಂತ, "ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿ ತಂದದ್ದೇ ನಿಮ್ಮ ಕಲಬುರಗಿಯಿಂದ" ಅಂದೆ. ತಪ್ಪು ಜಾಗಕ್ಕೆ ಕೈ ಹಾಕಿದ್ದೆ.

"ಹೌದ್ ಮತ್ತ! ಅಷ್ಟೂ ಖಜಾನಿ ರಸ್ತಾದ ಮ್ಯಾಲ ತಂದಿರ್ತಾನೇನು?"

ನೂರು ಕಿಲೋಮೀಟರಿನ ಸುರಂಗ! ಸುಮ್ನೆ ತಲೆ ಆಡಿಸಿದೆ. ಇವರು ಬಂದ ರೈಲು ಮರಗುತ್ತಿ ಹತ್ತಿರ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಖರೇ ಸುರಂಗ ದಾಟಿಯೇ ಬರುತ್ತೆ. ಆಗ ಮಾವ ಗೊರಕೆ ಹೊಡೀತಿದ್ದರು ಅಂತ ಅತ್ತೆ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದರಂತೆ.

ಮಹಮೂದ್ ಗಾವಾನರ ಮದರಸಾದಲ್ಲಿ ಮಾತ್ರ ಮಾವ ನೀರು ಹುಡುಕಿಕೊಂಡು ಹೋಗಿದ್ದರಿಂದ ಸ್ವಲ್ಪ ಹೊತ್ತು ನೆಮ್ಮದಿ ಸಿಕ್ಕಿತು. 1472ರ ಕಟ್ಟಡ. 1696ರ ಸ್ಫೋಟದಲ್ಲಿ ಮುಂಭಾಗದ ಅರ್ಧ ಹೋಯಿತು, ಎರಡು ಮಿನಾರಿನಲ್ಲಿ ಒಂದು ಉಳಿಯಿತು. ಆ ಮಿನಾರಿನ ಮೈಗೆ ನೀಲಿ ಹೆಂಚಿನ ಚೂರುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಓದೋಕೆ ಅಂತ ದೂರದೂರದಿಂದ ಜನ ಈ ಊರಿಗೆ ಬರುತ್ತಿದ್ದ ಕಾಲ ಒಂದಿತ್ತು. ಈಗ ನಮ್ಮ ಮಕ್ಕಳು ಓದೋಕೆ ಅಂತ ಊರು ಬಿಡ್ತಾರೆ. ನನ್ನ ಮಗಳೂ ಹೋಗಿ ಆಯ್ತು.

"ಹಿಂದ ಒಂದು ಕಿಂಡಿ ಅದ!" ಅಂತ ಮಾವ ಓಡಿ ಬಂದರು. ನೆಮ್ಮದಿ ಮುಗಿಯಿತು.

ಕೊನೆಗೆ ನನಗೇ ರೋಸಿಹೋಯಿತು. ಇಷ್ಟೇ ಅಲ್ವಾ, ಖರೇ ಸುರಂಗ ತೋರಿಸಿಯೇ ಬಿಡೋಣ ಅಂತ ನೌಬಾದಿನ ಕರೇಜ್‌ಗೆ ಗಾಡಿ ತಿರುಗಿಸಿದೆ. ಪರ್ಶಿಯಾದ ವಿದ್ಯೆ, ಬಹಮನಿ ಕಾಲದ್ದು. ನೆಲದ ಒಳಗೇ ಕಾಲುವೆ ಕೊರೆದು ನೀರು ಹರಿಸಿದ್ದಾರೆ. ಗಾಳಿ ಬೆಳಕಿಗೆ, ಹೂಳು ಎತ್ತೋಕೆ ಅಂತ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ಐದಾರು ನೂರು ವರ್ಷದ ಹಿಂದೆ, ಮೋಟಾರಿಲ್ಲದೆ, ಬರೀ ಇಳಿಜಾರಿನ ಲೆಕ್ಕದಲ್ಲಿ! ನನಗಂತೂ ಪ್ರತಿ ಸಲ ಮೈ ಜುಂ ಅನ್ನುತ್ತೆ.

ಮಾವ ಬಗ್ಗಿ ನೋಡಿದರು. ಮೂಗಿಗೆ ಕರವಸ್ತ್ರ ಹಿಡಿದರು.

"ಇದು ನೀರಿನ ನಾಲಿ ಅಲ್ರೀ?"

"ಹೌದು. ಆದರೆ ಸುರಂಗ."

"ಸುರಂಗದಾಗ ನೀರು ಯಾಕ ಇರ್ತದ? ನಮ್ಗ ಏನರ ತೋರಸ್ತೀರಿ ನೀವು." ಮುಂದಿನ ಕಿಂಡಿಗೂ ಬರದೆ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ವಾಪಸ್ ಬರುವಾಗ ಅತ್ತೆಗೆ ಬಿದ್ರಿ ಡಬ್ಬಿ ಕೊಡಿಸೋಕೆ ಅಂಗಡಿಗೆ ಹೋದೆವು. ಬೆಳ್ಳಿ ತಂತಿ ಕೂರಿಸಿದ ಮೇಲೆ ಕೋಟೆಯ ಮಣ್ಣಿನಿಂದ ಲೋಹವನ್ನ ಕಪ್ಪು ಮಾಡ್ತಾರೆ ಅಂತ ಅಂಗಡಿಯವ ಪಾಪ ಖುಷಿಯಿಂದ ವಿವರಿಸಿದ. ಎಲ್ಲಾ ಕಡೆಯ ಮಣ್ಣು ನಡೆಯಲ್ಲವಂತೆ. ಬಹಳ ವರ್ಷದಿಂದ ಬಿಸಿಲು, ಮಳೆ ಬೀಳದ ಜಾಗದ್ದೇ ಬೇಕಂತೆ.

ಮಾವನ ಕೈಯಲ್ಲಿದ್ದ ಚಹಾ ಕಪ್ ಅಲ್ಲೇ ನಿಂತಿತು. ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

"ಅಳಿಯಂದ್ರ, ಕೋಟಿ ಎಷ್ಟಕ್ಕ ಬಂದ್ ಆಗ್ತದ?"