ನಶ್ಯದ ಬಣ್ಣ ಪ್ಯಾಂಟಿಗಿರಲಿ

ಅರವತ್ತು ದಾಟಿದ ಮೇಲೆ ನನಗೆ ಉಡುಗೊರೆಯಾಗಿ ಬರುವ ಅಂಗಿಗಳೆಲ್ಲ ಒಂದೇ ಜಾತಿ. ನಶ್ಯದ ಬಣ್ಣ, ಬೂದಿ ಬಣ್ಣ, ಮಾಸಲು ಬಿಳಿ. "ನಿಮ್ಮ ವಯಸ್ಸಿಗೆ ಗೌರವವಾಗಿ ಕಾಣುತ್ತೆ" ಅಂತ ಪ್ರೀತಿಯಿಂದಲೇ ಕೊಡುತ್ತಾರೆ. ಹಾಕಿಕೊಂಡರೆ "ಯಾಕೆ, ಹುಷಾರಿಲ್ವಾ?" ಅಂತ ಅವರೇ ಕೇಳುತ್ತಾರೆ!

ತಪ್ಪು ವಯಸ್ಸಿನದಲ್ಲ. ಕೂದಲ ಬುಡದಲ್ಲಿ ಮೆಲನಿನ್ ಅನ್ನುವ ಬಣ್ಣದ ವಸ್ತು ತಯಾರಾಗುವುದು ನಿಂತರೆ ಕೂದಲು ಬೆಳ್ಳಗಾಗುತ್ತದೆ. ಹುಬ್ಬಿನ ಕಪ್ಪು, ತುಟಿಯ ಕೆಂಪು ಎರಡೂ ಇಳಿಯುತ್ತವೆ. ಮೊದಲು ಮುಖದಲ್ಲೇ ಎದ್ದು ಕಾಣುತ್ತಿದ್ದ ಹುಬ್ಬು, ತುಟಿಗಳ ಅಂಚು ಈಗ ಮಸುಕು. ಅದರ ಜೊತೆ ಅಂಗಿಯೂ ಮಾಸಲಾಗಿದ್ದರೆ ಮುಖಕ್ಕೆ ಕಳೆ ಎಲ್ಲಿಂದ ಬರಬೇಕು?

ಫ್ರಾನ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಇಂಥದ್ದೇ ಒಂದು ತಕರಾರು ಬಂದಿತ್ತು. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ದೂರು. ಅಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ ಪರೀಕ್ಷೆ ಮಾಡಿದರೆ ನೂಲು ಚೆನ್ನಾಗಿಯೇ ಇತ್ತು! ಪಕ್ಕದ ಬಣ್ಣದಿಂದಾಗಿ ಅದು ಸಪ್ಪೆಯಾಗಿ ಕಾಣುತ್ತಿತ್ತು, ಅಷ್ಟೇ. 1839ರಲ್ಲಿ ಅವರು ಇದನ್ನೆಲ್ಲ ವಿವರಿಸಿ ದೊಡ್ಡ ಪುಸ್ತಕವನ್ನೇ ಬರೆದರು. ನನ್ನ ಮುಖವೂ ಆ ಕಪ್ಪು ನೂಲಿನ ಹಾಗೆ ಅಂತ ನನ್ನ ವಾದ.

ನನಗೆ ಒಪ್ಪುವುದು ದಾಳಿಂಬೆ ಕೆಂಪು, ನವಿಲು ನೀಲಿ. ಬೆಳ್ಳಿ ಕೂದಲಿನ ಕೆಳಗೆ ಇವು ಎಷ್ಟು ಚೆನ್ನಾಗಿ ಕೂರುತ್ತವೆ ಅಂತೀರಿ! ಕೂದಲು ಕಪ್ಪಗಿದ್ದಾಗ ಇಷ್ಟು ಒಪ್ಪುತ್ತಿರಲಿಲ್ಲ. ನಿಂಬೆ ಹಳದಿ ಹಾಕಿದರೆ ಮಾತ್ರ ಕಾಮಾಲೆ ಬಂದವನ ಹಾಗೆ ಕಾಣುತ್ತೇನೆ. ನಿಮಗೆ ಅದೇ ಒಪ್ಪಬಹುದು, ನೋಡಿ.

ಕಪ್ಪು ಎಲ್ಲರಿಗೂ ಒಪ್ಪುತ್ತೆ ಅನ್ನುವ ಮಾತನ್ನು ನಾನು ಈಗ ನಂಬುವುದಿಲ್ಲ. ಕಪ್ಪು ಬಟ್ಟೆ ಬೆಳಕನ್ನು ನುಂಗುತ್ತದೆ, ಗಲ್ಲದ ಕಡೆಗೆ ಏನನ್ನೂ ವಾಪಸ್ ಕಳಿಸುವುದಿಲ್ಲ. ಕಣ್ಣಿನ ಕೆಳಗಿನ ನೆರಳು ಹಾಗೇ ಉಳಿಯುತ್ತದೆ. ಕಪ್ಪೇ ಇಷ್ಟ ಅನ್ನುವವರು ಕುತ್ತಿಗೆಗೆ ಒಂದು ತಿಳಿ ಬಣ್ಣದ ಶಾಲು ಹಾಕಿಕೊಂಡರೆ ಸಾಕು.

ಇನ್ನೊಂದು ವಿಷಯ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕು ಒಳಗೆ ಬರುವುದೇ ಕಡಿಮೆ. ಹಾಗಾಗಿ ಕಡುನೀಲಿ ಯಾವುದು, ಕಪ್ಪು ಯಾವುದು ಅಂತ ತಿಳಿಯುವುದಿಲ್ಲ. ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಸಾಕ್ಸ್ ಹಾಕಿಕೊಂಡು ನಾನು ಇಡೀ ಒಂದು ದಿನ ಓಡಾಡಿದ್ದೇನೆ. ಈಗ ಅಂಗಡಿಯಲ್ಲಿ ಬಟ್ಟೆ ಹಿಡಿದುಕೊಂಡು ಸೀದಾ ಬಾಗಿಲ ಹತ್ತಿರ, ಹಗಲು ಬೆಳಕಿಗೆ ಹೋಗುತ್ತೇನೆ. ಅಂಗಡಿಯವರು ಗಾಬರಿಯಿಂದ ಹಿಂದೆಯೇ ಬರುತ್ತಾರೆ, ಬರಲಿ.

ನನಗೆ ಬಟ್ಟೆ ತರುವವರು ಇದನ್ನು ಓದುತ್ತಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ. ನಶ್ಯದ ಬಣ್ಣವೇ ತರಬೇಕು ಅನ್ನಿಸಿದರೆ ಪ್ಯಾಂಟು ತನ್ನಿ. ಮುಖದಿಂದ ದೂರ ಇರುತ್ತೆ.