ವಯಸ್ಸಾಯ್ತಲ್ಲ ಅನ್ನೋ ಮೊದಲು

“ಎಂಬತ್ತು ದಾಟಿದೆ, ಇನ್ನು ಅವರಿಗೆ ಯಾಕೆ ಹಿಂಸೆ?” ಮನೆಯ ಹಿರಿಯರಿಗೆ ಹೃದಯಾಘಾತ ಆದಾಗ ಐಸಿಯು ಹೊರಗೆ ಯಾರಾದರೊಬ್ಬರು ಹೀಗೆ ಅಂದೇ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೂ ನನಗಿದು ಒಪ್ಪಿಗೆಯಿಲ್ಲ. ಹುಟ್ಟಿದ ವರ್ಷವೊಂದನ್ನೇ ನೋಡಿ ಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ತಪ್ಪು.

ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಏದುಸಿರು, ತಣ್ಣನೆ ಬೆವರು, ವಾಕರಿಕೆ, ವಿಪರೀತ ಸುಸ್ತು, ಇದ್ದಕ್ಕಿದ್ದಂತೆ ಗಲಿಬಿಲಿ. ನಮ್ಮ ದೊಡ್ಡಮ್ಮ ಹೊಟ್ಟೆ ತೊಳಸುತ್ತಿದೆ ಅಂದಾಗ ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಿದರು. ನಿಜ ಗೊತ್ತಾಗಿದ್ದು ಮರುದಿನದ ಇಸಿಜಿಯಲ್ಲಿ.

ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಯೋಚಿಸುತ್ತ ಕೂರಲು ಸಮಯವಿಲ್ಲ. ಬೇಗ ಆಂಜಿಯೋಪ್ಲಾಸ್ಟಿ (ಬಲೂನಿನಿಂದ ನಾಳ ತೆರೆದು, ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಇಡುವುದು) ಮಾಡಿಸುವುದು ಹಿರಿಯರಿಗೂ ಒಳ್ಳೆಯದೇ. ಆ ಸೌಲಭ್ಯ ದೂರವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ಅದು ತಾಲ್ಲೂಕು ಆಸ್ಪತ್ರೆಗೂ ಉಚಿತವಾಗಿ ಬಂದಿರುವುದು ದೊಡ್ಡ ಸಂಗತಿ. 75 ದಾಟಿದವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ ಹೆಚ್ಚು. ಅದಕ್ಕೇ ಅವರಿಗೆ ಅರ್ಧ ಡೋಸ್ ಕೊಡುತ್ತಾರೆ.

ನಾಳ ಪೂರ್ತಿ ಮುಚ್ಚದ ಇನ್ನೊಂದು ಬಗೆಯ ಹೃದಯಾಘಾತವೇ ಹಿರಿಯರಲ್ಲಿ ಹೆಚ್ಚು. ಇಲ್ಲಿ ಯೋಚಿಸಲು ಸ್ವಲ್ಪ ಸಮಯ ಸಿಗುತ್ತದೆ, ಉತ್ತರವೂ ಅಷ್ಟು ಸುಲಭವಿಲ್ಲ. ಬ್ರಿಟನ್ನಿನಲ್ಲಿ 75 ದಾಟಿದ 1,518 ಮಂದಿಯ ಮೇಲೆ ನಡೆದ ಸೀನಿಯರ್-ರೀಟಾ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷಗಳಲ್ಲಿ ಹೃದಯದ ಕಾರಣಕ್ಕೆ ಸತ್ತವರು ಇಲ್ಲವೇ ಮತ್ತೆ ಹೃದಯಾಘಾತವಾದವರು ಔಷಧಿಯ ಜೊತೆಗೆ ಆಂಜಿಯೋಗ್ರಾಂ (ನಾಳ ಎಲ್ಲಿ ಕಟ್ಟಿದೆ ಎಂದು ನೋಡುವ ಪರೀಕ್ಷೆ) ಮಾಡಿ, ಬೇಕಿದ್ದವರಿಗೆ ಸ್ಟೆಂಟ್ ಹಾಕಿದ ಗುಂಪಿನಲ್ಲಿ ಶೇ. 25.6, ಬರೀ ಔಷಧಿಯ ಗುಂಪಿನಲ್ಲಿ ಶೇ. 26.3. ಹೆಚ್ಚುಕಡಿಮೆ ಒಂದೇ. ಆದರೆ ಬದುಕುಳಿದು ಮತ್ತೆ ಹೃದಯಾಘಾತ ಕಂಡವರು ಮೊದಲ ಗುಂಪಿನಲ್ಲಿ ಶೇ. 11.7, ಎರಡನೆಯದರಲ್ಲಿ ಶೇ. 15. ಆಂಜಿಯೋಗ್ರಾಂ, ಸ್ಟೆಂಟ್‌ಗಳಿಂದಲೇ ತೊಂದರೆಯಾದವರು ಶೇ. 1ಕ್ಕಿಂತ ಕಡಿಮೆ. ಅಂದರೆ ಸ್ಟೆಂಟ್ ಹಾಕಿಸಲೇಬೇಕು ಅನ್ನುವವರೂ ಈ ವಯಸ್ಸಿಗೆ ಬೇಡವೇ ಬೇಡ ಅನ್ನುವವರೂ ಸ್ವಲ್ಪ ನಿಧಾನಿಸಬೇಕು. ಕಿಡ್ನಿ ಹೇಗಿದೆ, ರಕ್ತ ಎಷ್ಟಿದೆ, ಮೊನ್ನೆಯವರೆಗೆ ಯಾರ ಸಹಾಯವಿಲ್ಲದೆ ಓಡಾಡುತ್ತಿದ್ದರಾ, ನೆನಪು ಸರಿಯಿದೆಯಾ, ಇವನ್ನೆಲ್ಲ ಡಾಕ್ಟರ ಜೊತೆ ಕೂತು ಮಾತಾಡಬೇಕು.

ದೊಡ್ಡಮ್ಮ ಡಾಕ್ಟರನ್ನು ಕೇಳಿದ್ದು ಒಂದೇ: “ನನ್ನ ಸ್ನಾನ ನಾನೇ ಮಾಡ್ಕೊಳ್ಳೋ ಹಾಗೆ ಆಗ್ತೀನಾ ಸ್ವಾಮಿ?” ಎಷ್ಟು ವರ್ಷ ಬದುಕುತ್ತೇನೆ ಅಂತ ಕೇಳಲೇ ಇಲ್ಲ. ಸ್ನಾನದ ಆ ಪ್ರಶ್ನೆ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಎಚ್ಚರವಾಗಿ, ಮಾತಾಡುತ್ತ ಇರುವ ಹಿರಿಯರನ್ನು ಒಳಗೆ ಮಲಗಿಸಿ, ಕಾರಿಡಾರಿನಲ್ಲಿ ಒಪ್ಪಿಗೆ ಫಾರಂಗೆ ಮಕ್ಕಳ ಸಹಿ ಹಾಕಿಸುವ ಪದ್ಧತಿ ನಿಲ್ಲಬೇಕು. ಆ ಫಾರಂ ಅವರ ಹಾಸಿಗೆಯ ಹತ್ತಿರ ಹೋಗಲಿ. ಕನ್ನಡದಲ್ಲಿ ಓದಿ ಹೇಳಿ, ಬೇಕು ಅಂದರೂ ಬೇಡ ಅಂದರೂ ಅವರ ಮಾತೇ ನಡೆಯಲಿ.