ಮನೆಪಾಠದಲ್ಲಿ ಮೊದಲು ಸುಸ್ತಾಗುವುದು ಅಪ್ಪ ಅಮ್ಮ

ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದೆಲ್ಲ ಅವಳ ವಿಷಯ. ಗೆಳತಿಯರು ಸಿಗುತ್ತಾರಾ? ಪರೀಕ್ಷೆ ಹೇಗೆ? ಮುಂದೆ ಕೆಲಸದ ಗತಿ ಏನು? ಮದುವೆ ಮನೆಗೆ ಹೋದರಂತೂ ಊಟದ ಪಂಕ್ತಿಯಲ್ಲೇ ಇಂಟರ್‌ವ್ಯೂ. ‘ಹದಿಮೂರರ ಮಗ್ಗಿ ಹೇಳು ನೋಡುವ’ ಎನ್ನುವವರು ಸ್ವಂತ ಮೊಮ್ಮಕ್ಕಳಿಗೆ ಆ ಪ್ರಶ್ನೆ ಕೇಳಿದ್ದನ್ನು ನಾನಂತೂ ನೋಡಿಲ್ಲ. ಇರಲಿ. ‘ನಿಮಗೆ ಸಾಕಾಗುವುದಿಲ್ವಾ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸಾಕಾಗುತ್ತದೆ. ಮನೆಪಾಠ ಶುರುಮಾಡಿ ಅರ್ಧಕ್ಕೆ ಬಿಟ್ಟ ಮನೆಗಳನ್ನು ನೋಡಿದ್ದೇನೆ. ಅಲ್ಲಿ ಮಕ್ಕಳು ಕಲಿಯುತ್ತಲೇ ಇದ್ದರು. ಅಮ್ಮಂದಿರಿಗೆ ಸುಸ್ತಾಗಿತ್ತು ಅಷ್ಟೇ. ಹಾಗಾಗಿ ಮಗುವಿನ ಟೈಮ್‌ಟೇಬಲ್‌ಗೆ ಬಣ್ಣ ಬಳಿಯುವ ಮೊದಲು ದೊಡ್ಡವರ ದಿನ ಹೇಗಿರಬೇಕು ಎಂದು ಯೋಚಿಸಿ. ಇಷ್ಟೇ ನನಗೆ ಹೇಳಲಿಕ್ಕಿರುವುದು. ಉಳಿದದ್ದೆಲ್ಲ ವಿವರ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಡಿಕೆ ತೋಟ, ದನ, ವಯಸ್ಸಾದ ಅತ್ತೆ ಮಾವ, ದಿನಾ ಯಾರಾದರೂ ಒಬ್ಬರು ನೆಂಟರು. ಇಂಥ ಮನೆಯಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ತನಕ ಪಾಠ ಎಂದರೆ ಯಾರಿಂದಲೂ ಆಗುವ ಕೆಲಸವಲ್ಲ. ಬೇಕಾಗಿಯೂ ಇಲ್ಲ. ತರಗತಿಯಲ್ಲಿ ಮೂವತ್ತು ನಲವತ್ತು ಮಕ್ಕಳಿರುತ್ತಾರೆ. ಹಾಜರಿ ತೆಗೆಯಬೇಕು, ಗಲಾಟೆ ನಿಲ್ಲಿಸಬೇಕು, ಎಲ್ಲರೂ ಬರೆದು ಮುಗಿಸುವ ತನಕ ಕಾಯಬೇಕು. ಮನೆಯಲ್ಲಿ ಒಂದೇ ಮಗು ಎದುರಿಗೆ ಕೂತಾಗ ಅದೇ ಪಾಠ ಬೇಗ ಮುಗಿಯುತ್ತದೆ. ಒಂಬತ್ತಕ್ಕೆ ಕೂತು ಹನ್ನೊಂದೂವರೆಗೆ ಏಳುವುದು ನಮ್ಮ ಲೆಕ್ಕ. ಊಟದ ನಂತರ ನಾನು ಟೀಚರ್ ಅಲ್ಲ. ಅವಳು ಮರ ಹತ್ತಲಿ, ಚಿತ್ರ ಬರೆಯಲಿ, ಸುಮ್ನೆ ಬಿದ್ದುಕೊಂಡಿರಲಿ. ‘ಅಮ್ಮಾ ಬೋರು’ ಎಂದರೆ ನಾನು ಉತ್ತರ ಕೊಡುವುದಿಲ್ಲ. ಊಟದ ನಂತರದ ಒಂದು ಗಂಟೆ ನನ್ನದು. ಇದನ್ನು ಬಿಟ್ಟುಕೊಟ್ಟರೆ ಉಳಿದ ಯಾವ ಅಭ್ಯಾಸವೂ ಹೆಚ್ಚು ದಿನ ಬಾಳುವುದಿಲ್ಲ.

ಬೆಳಗಿನ ಪಾಠ ನಡೆಯಬೇಕಾದರೆ ಹಿಂದಿನ ರಾತ್ರಿ ಹತ್ತು ನಿಮಿಷ ಬೇಕು. ನಾಳೆಯ ಪುಸ್ತಕ, ಪುಟ, ಹೆರೆದ ಪೆನ್ಸಿಲ್ ಎಲ್ಲ ಚಾವಡಿಯ ಮೇಜಿನ ಮೇಲೆ ಇಟ್ಟು ಮಲಗುವುದು. ನಾಳೆ ಏನನ್ನು ಕಲಿಸುವುದಿಲ್ಲ ಎಂದು ಕೂಡ ಆಗಲೇ ತೀರ್ಮಾನಿಸುವುದು. ಬೆಳಗ್ಗೆ ಒಂಬತ್ತು ಗಂಟೆಗೆ ‘ಇವತ್ತು ಏನು ಮಾಡುವ?’ ಎಂದು ಕೇಳಿದ ಮನೆಯಲ್ಲಿ ಪಾಠ ಹತ್ತೂವರೆಗೆ ಶುರುವಾಗುತ್ತದೆ, ಅದೂ ಬೈಗುಳದ ಜೊತೆ.

ಇನ್ನು ಫೋನು. ಮಗಳದ್ದಲ್ಲ, ನಮ್ಮದು. ಪಾಠದ ಹೊತ್ತಿಗೆ ಅದು ದೇವರ ಕೋಣೆಯ ಕಪಾಟಿನಲ್ಲಿರುತ್ತದೆ. ಕುಟುಂಬದ ಗ್ರೂಪಿನ ಗುಡ್ ಮಾರ್ನಿಂಗ್ ಹೂವುಗಳು ಮಧ್ಯಾಹ್ನದ ತನಕ ಬಾಡುವುದಿಲ್ಲ.

ಮನೆಯಲ್ಲಿ ಹೇಗೂ ನಡೆಯುವ ಕೆಲಸಕ್ಕೆ ಪಾಠವನ್ನು ಕಟ್ಟಿಬಿಡುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರಕ್ಕೆ ಬಂದ ಅಭ್ಯಾಸ. ನಮಗೆ ನೀರು ಬರುವುದು ಸುರಂಗದಿಂದ. ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡದ ಒಳಕ್ಕೆ ಅಡ್ಡಡ್ಡ ಕೊರೆಯುತ್ತಾರೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಮಳೆನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಒಸರುತ್ತದೆ. ಆ ಒಸರು ತನ್ನಷ್ಟಕ್ಕೆ ಹರಿದು ಟಾಂಕಿಗೆ ಬರುತ್ತದೆ, ಪಂಪು ಬೇಡ. ಪೈಪಿಗೆ ಕಸ ಕಟ್ಟಿದೆಯಾ ಎಂದು ನೋಡಲು ವಾರಕ್ಕೊಮ್ಮೆ ಯಾರಾದರೂ ಅಲ್ಲಿಗೆ ಹೋಗಲೇಬೇಕು. ಈಗ ಮಗಳೂ ಹೋಗುತ್ತಾಳೆ, ಹತ್ತು ಲೀಟರಿನ ಬಕೆಟ್ ಮತ್ತು ಗಡಿಯಾರ ಹಿಡಿದುಕೊಂಡು. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದುಕೊಳ್ಳುತ್ತಾಳೆ. ಗಂಟೆಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುತ್ತಾಳೆ. ಮಳೆ ಬಿಟ್ಟ ಹೊಸತರಲ್ಲಿ ಬಕೆಟ್ ಬೇಗ ತುಂಬುತ್ತದೆ, ಮಾರ್ಚ್ ಬರುವಾಗ ಕಾದು ಕಾದು ಸಾಕಾಗುತ್ತದೆ. ಗೆರೆ ಎಳೆದ ಹಾಳೆಯಲ್ಲಿ ಅದನ್ನೇ ಚುಕ್ಕಿ ಇಟ್ಟು ಜೋಡಿಸಿದರೆ ಗ್ರಾಫ್ ಆಯಿತು. ಗುಣಾಕಾರ, ಭಾಗಾಕಾರ, ಮಣ್ಣು, ಮಳೆ ಎಲ್ಲ ಅದರಲ್ಲೇ ಬಂತು. ನನಗೆ ಇದರಿಂದ ಒಂದು ನಿಮಿಷದ ಹೆಚ್ಚಿನ ಕೆಲಸವೂ ಇಲ್ಲ.

ಅಡಿಕೆ ಲೆಕ್ಕ ಅಪ್ಪನ ಪಾಲು. ಗೋಣಿಗೆ ಎಷ್ಟು ಕಿಲೋ, ಸುಲಿದವರಿಗೆ ಎಷ್ಟು ಕೊಡಬೇಕು, ಇವತ್ತಿನ ಧಾರಣೆಯಲ್ಲಿ ಮಾರುವುದೋ ಕಾಯುವುದೋ. ಇದನ್ನು ಅವರು ದಿನಾ ಸಂಜೆ ಅವಳ ಜೊತೆ ಕೂತು ಬರೆಯುತ್ತಾರೆ. ಭಾನುವಾರ ಮಾತ್ರ ಕನ್ನಡಕ ಏರಿಸಿ ‘ಈ ವಾರ ಏನು ಕಲಿತೆ?’ ಎಂದು ಇನ್‌ಸ್ಪೆಕ್ಟರ್ ತರ ಕೇಳುವ ಅಪ್ಪಂದಿರಿದ್ದಾರೆ ನೋಡಿ, ಅವರಿಂದ ಯಾವ ಅಮ್ಮನಿಗೂ ಸಹಾಯ ಆಗಿಲ್ಲ. ಗಂಡಸರು ದಿನಕ್ಕೆ ಅರ್ಧ ಗಂಟೆ ಕೊಡಲಿ, ಆದರೆ ದಿನಾ ಕೊಡಲಿ.

ಭಾಷೆಯ ವಿಷಯದಲ್ಲಿ ಕಾಸರಗೋಡಿನ ನಮ್ಮ ಕಥೆಯೇ ಬೇರೆ. ತುಳು ಅಂಗಳದಲ್ಲೇ ಬರುತ್ತದೆ. ಮಲಯಾಳ ಬಸ್ಸಿನ ಬೋರ್ಡಿನಿಂದ, ರೇಷನ್ ಅಂಗಡಿಯಿಂದ, ಪಂಚಾಯತಿನ ನೋಟಿಸಿನಿಂದ ಬರುತ್ತದೆ. ಇಂಗ್ಲಿಷಿಗೆ ಯೂಟ್ಯೂಬ್ ಇದೆ. ದಿನಾ ಕೈಹಿಡಿದು ಕರೆದುಕೊಂಡು ಬರಬೇಕಾದದ್ದು ಓದುವ ಬರೆಯುವ ಕನ್ನಡವನ್ನೇ. ಮನೆಯಲ್ಲಿ ಮಾತಾಡುತ್ತೇವಲ್ಲ, ತಾನಾಗಿ ಬರುತ್ತದೆ ಎಂದುಕೊಂಡರೆ ಮಗು ಕನ್ನಡ ಮಾತಾಡುತ್ತದೆ, ಕನ್ನಡ ಪುಸ್ತಕ ಮುಟ್ಟುವುದಿಲ್ಲ. ಅದಕ್ಕೇ ರಾತ್ರಿ ಊಟದ ನಂತರ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದುವುದು ನಮ್ಮಲ್ಲಿ ತಪ್ಪುವುದಿಲ್ಲ. ಒಂದು ದಿನ ನಾನು, ಒಂದು ದಿನ ಅವಳು. ಮಾವ ಕೇಳುತ್ತಾ ಉಚ್ಚಾರ ತಿದ್ದುತ್ತಾರೆ. ಅವರಿಗೂ ಹೊತ್ತು ಹೋಗುತ್ತದೆ. ಮಲಯಾಳ ಪೇಪರು ಮಾತ್ರ ಅವಳೇ ನಮಗೆ ಓದಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಆ ಲಿಪಿ ಇವತ್ತಿಗೂ ನಿಧಾನ. ಮಗು ದೊಡ್ಡವರಿಗೆ ಕಲಿಸುವ ಹದಿನೈದು ನಿಮಿಷದಲ್ಲಿ ಅವಳ ಬೆನ್ನು ಎಷ್ಟು ನೆಟ್ಟಗಾಗುತ್ತದೆ ಗೊತ್ತಾ!

ಪುಸ್ತಕಕ್ಕೆ ಖರ್ಚು ಜಾಸ್ತಿ ಇಲ್ಲ. ಕೇರಳದಲ್ಲಿ ಶಾಲಾ ಪಠ್ಯ ತಯಾರಿಸುವ ಸರಕಾರಿ ಸಂಸ್ಥೆ ಎಸ್‌ಸಿಇಆರ್‌ಟಿ ಕನ್ನಡ ಮಾಧ್ಯಮದ ಪಠ್ಯಗಳನ್ನು ಆನ್‌ಲೈನ್‌ನಲ್ಲಿ ಹಾಕಿದೆ. ಕರ್ನಾಟಕದ ಪಠ್ಯಗಳೂ ಸಿಗುತ್ತವೆ. ಕಥೆ ಪುಸ್ತಕಕ್ಕೆ ಊರಿನ ವಾಯನಶಾಲೆ, ಅಂದರೆ ಲೈಬ್ರರಿ ಇದೆ. ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ನೆನಪಿನಲ್ಲಿ ಜೂನ್ 19ರಂದು ವಾಚನ ದಿನ ಮಾಡುವ ರಾಜ್ಯ ಇದು, ಅದರ ಲಾಭ ತೆಗೆದುಕೊಳ್ಳಿ. ಆನ್‌ಲೈನ್ ಕ್ಲಾಸನ್ನು ಮಾತ್ರ ಮಳೆಗಾಲದ ದಿನಚರಿಗೆ ಕಟ್ಟಬೇಡಿ. ಆಟಿ ತಿಂಗಳ ಜಡಿಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ.

ಸಂಜೆ ನಾಲ್ಕೂವರೆಗೆ ಶಾಲೆ ಬಸ್ಸು ಬರುತ್ತದೆ. ಆಗ ನೆರೆಮನೆಯ ಮಕ್ಕಳ ಜೊತೆ ಆಟ. ಗೆಳತಿಯರ ಪ್ರಶ್ನೆಗೆ ಉತ್ತರ ಅಷ್ಟೇ.

ಮಲಗುವ ಮೊದಲು ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಎರಡು ಸಾಲು ಬರೆಯುತ್ತೇನೆ. ಏನು ಓದಿದಳು, ಎಲ್ಲಿ ತಡವರಿಸಿದಳು. ಇದನ್ನು ಯಾರೂ ಕೇಳುವುದಿಲ್ಲ. ಆದರೆ ‘ಈ ತಿಂಗಳು ಏನೂ ಆಗಲಿಲ್ಲ’ ಎಂಬ ಹೆದರಿಕೆ ಬಂದಾಗ ಪುಟ ತಿರುಗಿಸಿದರೆ ಆದದ್ದು ಕಾಣುತ್ತದೆ. ನಾಳೆ ಶಾಲೆಗೆ ಸೇರಿಸಬೇಕೆನಿಸಿದರೂ ಆ ಪುಸ್ತಕ ಕೈಯಲ್ಲಿರುತ್ತದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಶಾಲೆಗೆ ಸೇರದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹತ್ತನೇ ತರಗತಿಗೆ ಎನ್‌ಐಒಎಸ್ ಎಂಬ ಕೇಂದ್ರ ಸರಕಾರದ ಮುಕ್ತ ಶಾಲೆ ಇದೆ. 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು, ಭಾಷೆಯಾಗಿ ಕನ್ನಡವನ್ನೂ ತೆಗೆದುಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ. ಒಮ್ಮೆ ಸೇರಿದರೆ ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಇದನ್ನು ಓದಿ ತಿಳಿದ ಮೇಲೆ ನನ್ನ ಗಂಡನಿಗೆ ಸರಿಯಾಗಿ ನಿದ್ರೆ ಬರಲು ಶುರುವಾಯಿತು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿಸುವ ಗೆಳತಿಯೊಬ್ಬಳು ಕೇಳಿದ್ದು. ಕೇರಳದಲ್ಲಿ ಶಾಲೆ ತೆರೆದ ಆರನೇ ದಿನ ಮಕ್ಕಳ ತಲೆ ಎಣಿಸುತ್ತಾರೆ. ಎಷ್ಟು ಡಿವಿಜನ್, ಎಷ್ಟು ಟೀಚರ್ ಎಂಬುದು ಆ ಲೆಕ್ಕದ ಮೇಲೆ. ‘ನಿನ್ನಂಥವರು ಮಗುವನ್ನು ಮನೆಯಲ್ಲಿಟ್ಟುಕೊಂಡರೆ ನಮ್ಮ ಕನ್ನಡ ಡಿವಿಜನ್‌ನಲ್ಲಿ ಒಂದು ತಲೆ ಕಡಿಮೆ ಅಲ್ವಾ?’ ಹೌದು, ಕಡಿಮೆ. ನಮ್ಮ ಮನೆಗೆ ಮನೆಪಾಠ ಹೊಂದಿದ ಕಾರಣಗಳು ಬೇರೆ, ಅವು ಎಲ್ಲರ ಮನೆಯಲ್ಲೂ ಇರಬೇಕೆಂದಿಲ್ಲ. ಅಂಥ ಕಾರಣ ಇಲ್ಲದಿದ್ದರೆ ಮಗುವನ್ನು ಜೂನ್‌ನಲ್ಲಿ ಹತ್ತಿರದ ಕನ್ನಡ ಶಾಲೆಗೇ ಸೇರಿಸಿ. ಈ ಮಾತನ್ನು ನನ್ನ ಬಾಯಿಂದ ಕೇಳಿದರೆ ನಗು ಬರಬಹುದು. ಆದರೂ ಸೇರಿಸಿ.